ನುಡಿಯುವ ಕೈಗಳು: ಕಾರ್ಲ್ಸ್‌ರುಹೆಯ ಚಿತ್ರ, ಕನ್ನಡ ನಾಡಿನ ಕಲ್ಲು

ನಾವು ವಾಸಿಸುವ ಕಾರ್ಲ್ಸ್‌ರುಹೆಯ ಕುನ್ಸ್ಟ್‌ಹಾಲೆ ಕಲಾಸಂಗ್ರಹದಲ್ಲಿ ಮಥಿಯಾಸ್ ಗ್ರ್ಯೂನೆವಾಲ್ಡ್ ಎಂಬ ಚಿತ್ರಕಾರನ ಶಿಲುಬೆಯ ಚಿತ್ರವೊಂದಿದೆ. ಟೌಬರ್‌ಬಿಷೋಫ್ಸ್‌ಹೈಮ್ ಪಟ್ಟಣದ ಚರ್ಚಿನಿಂದ ಬಂದ ಈ ಕೃತಿಯ ಕಾಲ ಸುಮಾರು 1523ರಿಂದ 1525. ಅದರಲ್ಲಿ ಕ್ರಿಸ್ತನ ಬೆರಳುಗಳು ಸೆಟೆದು ಅರಳಿವೆ. ಪಾದಗಳು ಊದಿ ತಿರುಚಿಕೊಂಡಿವೆ. ದೇಹದ ಭಾರಕ್ಕೆ ಶಿಲುಬೆಯ ಅಡ್ಡತೊಲೆಯೇ ಬಿಲ್ಲಿನಂತೆ ಬಾಗಿದೆ. ಇಕ್ಕೆಲಗಳಲ್ಲಿ ತಾಯಿ ಮರಿಯಾ ಮತ್ತು ಶಿಷ್ಯ ಯೋಹಾನ ಕೈಗಳನ್ನು ಬಿಗಿದುಕೊಂಡು ನಿಂತಿದ್ದಾರೆ. ಕ್ರೈಸ್ತ ಕಥೆಯನ್ನೇ ಅರಿಯದವರಿಗೂ ಈ ಬೆರಳುಗಳ ಅರ್ಥವಾಗುತ್ತದೆ. ವೈದ್ಯವೃತ್ತಿಯ ನಮಗಂತೂ ಅವು ಅಪರಿಚಿತವಲ್ಲ: ಹೃದಯಾಘಾತವಾದ ಎಷ್ಟೋ ರೋಗಿಗಳು ಬಾಯಿ ತೆರೆಯುವ ಮುನ್ನವೇ ಮುಷ್ಟಿಯನ್ನು ಎದೆಗೆ ಒತ್ತಿ ಹಿಡಿದಿರುತ್ತಾರೆ. ಭಾವಾಭಿವ್ಯಕ್ತಿಯನ್ನು ಕುರಿತು 1872ರಲ್ಲಿ ಗ್ರಂಥ ಬರೆದ ಚಾರ್ಲ್ಸ್ ಡಾರ್ವಿನ್, ಹುಟ್ಟಿನಿಂದ ಬಂದ ಇಂಥ ಚಹರೆಗಳನ್ನೂ ಸಮಾಜ ಕಲಿಸಿದ ಸಂಜ್ಞೆಗಳನ್ನೂ ಬೇರ್ಪಡಿಸಿ ನೋಡಿದನು.

ಕಲಿತಲ್ಲದೆ ತಿಳಿಯದ ಕೈಗೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಕರ್ನಾಟಕದ ಊರುಗಳ ಅಂಚಿನಲ್ಲಿ, ಕೆರೆಯ ಏರಿಯ ಬಳಿ, ಮಾಸ್ತಿಕಲ್ಲುಗಳು ಇಂದಿಗೂ ಕಾಣಸಿಗುತ್ತವೆ. ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಮೇಲಕ್ಕೆ ಬಾಗಿದ ತೋಳು, ಅದರ ತುಂಬ ಬಳೆ, ಬಿಚ್ಚಿದ ಅಂಗೈ. ಕೆಲವೆಡೆ ಕೈಯಲ್ಲೊಂದು ನಿಂಬೆಹಣ್ಣು. ಹೊರಗಿನವರು ಇದನ್ನು ಅಭಯಹಸ್ತವೆಂದೋ, ಕೈಬೀಸಿ ಕರೆಯುವ ಭಂಗಿಯೆಂದೋ ತಿಳಿದಾರು. ಊರಿನವರಿಗೆ ಗೊತ್ತು: ಬಳೆ ಒಡೆದಿಲ್ಲ, ಅಂದರೆ ಈಕೆ ವಿಧವೆಯಾಗಿ ಉಳಿಯಲಿಲ್ಲ, ಗಂಡನ ಚಿತೆಯನ್ನೇರಿದಳು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನವು, ಹೆತ್ತವರು ತಡೆದರೂ ಕೇಳದೆ ಬೆಂಕಿಗೆ ಬಿದ್ದ ದೇಕಬ್ಬೆಯ ಕಥೆಯನ್ನು ಅಕ್ಷರಗಳಲ್ಲಿ ಹೇಳುತ್ತದೆ. ಅಕ್ಷರವಿಲ್ಲದ ಕಲ್ಲುಗಳಲ್ಲಿ ಆ ತೋಳೊಂದೇ ಸಾಕ್ಷಿ. ಆಕೆ ಹೆದರಿದಳೇ, ಯಾರಾದರೂ ಒತ್ತಾಯಿಸಿದರೇ ಎಂಬುದನ್ನು ಅದು ಹೇಳುವುದಿಲ್ಲ. ಗ್ರ್ಯೂನೆವಾಲ್ಡನ ಕೈ ನೋವನ್ನು ತೋರಿಸಿದರೆ ಮಾಸ್ತಿಯ ಕೈ ನೋವನ್ನು ಮುಚ್ಚಿಡುತ್ತದೆ ಎಂದೇ ನಮ್ಮ ಅಭಿಪ್ರಾಯ. ಆ ಕೈಯನ್ನು ಕೆತ್ತಿಸಿದವರು ಬದುಕುಳಿದವರಲ್ಲವೇ?

ನಿಲುವಿನ ವಿಷಯವೂ ಹೀಗೆಯೇ. ಚಾವುಂಡರಾಯನು 981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಗೊಮ್ಮಟನು ನೆಟ್ಟಗೆ, ತೋಳು ಇಳಿಬಿಟ್ಟು ನಿಂತಿದ್ದಾನೆ. ಕವಾಯತು ಕಂಡ ಕಣ್ಣಿಗೆ ಅದು ಅಪ್ಪಣೆಗೆ ಕಾದ ಸೈನಿಕನ ನಿಲುವು. ಜೈನರಿಗೆ ಅದು ಕಾಯೋತ್ಸರ್ಗ, ದೇಹದ ಮೇಲಣ ಮಮತೆಯನ್ನೇ ತೊರೆದ ಸ್ಥಿತಿ. ಕಾಲಿಗೂ ತೋಳಿಗೂ ಹಬ್ಬಿದ ಬಳ್ಳಿಯನ್ನು ಗಮನಿಸಿದರೆ ಸಂದೇಹ ಉಳಿಯದು.

ಈ ವಿಚಾರ ಕಲ್ಲು, ಚಿತ್ರಗಳಿಗೆ ಮಾತ್ರ ಸೇರಿದ್ದಲ್ಲ. ಊರಿನಿಂದ ಬಂದ ನಮ್ಮ ತಂದೆತಾಯಂದಿರು ಇಲ್ಲಿನ ವೈದ್ಯರೆದುರು ಕುಳಿತಾಗ ತಲೆಯನ್ನು ಮೆಲ್ಲಗೆ ಅತ್ತಿತ್ತ ತೂಗುತ್ತಾರೆ. ನಮ್ಮಲ್ಲಿ ಅದು ‘ಹೂಂ, ಕೇಳುತ್ತಿದ್ದೇನೆ’ ಎಂಬಷ್ಟೇ. ಜರ್ಮನ್ ವೈದ್ಯರಿಗೆ ಅದು ನಿರಾಕರಣೆಯಾಗಿ ಕಾಣಬಹುದು, ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯಾಗಿಯೂ ಕಾಣಬಹುದು. ‘ನೋವಿದೆಯೇ’ ಎಂದು ಕೇಳಿದರೆ ದೊಡ್ಡವರೆದುರು ಸಂಕೋಚಪಟ್ಟು ಕೈಮುಗಿದು ನಗುವವರೂ ಉಂಟು. ಜೊತೆಗೆ ಹೋದ ಮಗನೋ ಸೊಸೆಯೋ ಆಗ ತಾವೇ ಅರ್ಥ ಹೇಳಿಬಿಡದೆ, ‘ಅಮ್ಮಾ, ನಿಮಗೆ ಒಪ್ಪಿಗೆಯೇ? ಎಲ್ಲಿ ನೋಯುತ್ತದೆ?’ ಎಂದು ಕನ್ನಡದಲ್ಲಿ ಕೇಳಿ, ಅವರು ಬಾಯಿಬಿಟ್ಟು ಹೇಳಿದ್ದನ್ನೇ ವೈದ್ಯರಿಗೆ ತಿಳಿಸಬೇಕೆಂದು ಕೋರುತ್ತೇವೆ.