ಏಳಕ್ಕೊಂದು ಚಡಾವು

ಲಿಸ್ಬನ್ನಿಗೆ ಏಳು ಗುಡ್ಡಗಳೆಂದು ಲೆಕ್ಕ ಕೊಟ್ಟವನು ನಿಕೊಲಾವು ದೆ ಒಲಿವೇರಾ ಎಂಬ ಸನ್ಯಾಸಿ. 1620ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಈ ಪಟ್ಟಿ ಇದೆ. ರೋಮಿಗೆ ಏಳಿದ್ದ ಮೇಲೆ ನಮಗೂ ಏಳಿರಲಿ ಎಂಬ ಆಸೆ. ಕೋಟೆಗುಡ್ಡಕ್ಕೆ ಅಂಟಿಕೊಂಡೇ ಇರುವ ಎತ್ತರದ ಗ್ರಾಸಾ ಅವನ ಪಟ್ಟಿಗೆ ಸೇರಲೇ ಇಲ್ಲ. ತೇಜು ನದಿಯ ಕಡೆಯಿಂದ ನೋಡಿದರೆ ಅದು ಕೋಟೆಯ ಹಿಂದೆ ಮರೆಯಾಗುತ್ತದೆ. ದೋಣಿಯಲ್ಲಿ ಕೂತು ಗುಡ್ಡ ಎಣಿಸಿದರೆ ಹೀಗೇ ಆಗುವುದು. ನಡೆದು ಎಣಿಸಿದ್ದರೆ ಏಳಕ್ಕೆ ನಿಲ್ಲುತ್ತಿರಲಿಲ್ಲ, ಬೇಕಾದರೆ ನಮ್ಮ ಮನೆಯವಳ ಮಂಡಿಯನ್ನು ಕೇಳಿ.

ನಾನು ರೈಲ್ವೆಯಲ್ಲಿ ಡ್ರೈವರ್ ಆಗಿದ್ದವನು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಗೂಡ್ಸ್ ಓಡಿಸುತ್ತಿದ್ದೆ. ಅಲ್ಲಿನ ಚಡಾವು ಐವತ್ತಕ್ಕೆ ಒಂದು. ಅಂದರೆ ಐವತ್ತು ಅಡಿ ಮುಂದೆ ಹೋದರೆ ಒಂದಡಿ ಏರು. ಕೇಳಿದವರು ‘ಇಷ್ಟೇನಾ’ ಅನ್ನುತ್ತಾರೆ. ಮಳೆಗಾಲದಲ್ಲಿ, ಒದ್ದೆ ಹಳಿಯ ಮೇಲೆ, ಅದಿರು ತುಂಬಿದ ವ್ಯಾಗನ್ನುಗಳನ್ನು ಬೆನ್ನಿಗೆ ಕಟ್ಟಿಕೊಂಡು ಎಡಕುಮರಿಯ ಕಡೆ ಇಳಿದವರು ಹಾಗೆ ಅನ್ನುವುದಿಲ್ಲ. ಘಾಟಿ ಹತ್ತಿಸುವುದು ಎಂಜಿನ್ನಿನ ತಲೆನೋವು. ಶಕ್ತಿ ಸಾಲದಿದ್ದರೆ ಹಿಂದಿನಿಂದ ಇನ್ನೆರಡು ಎಂಜಿನ್ ಕೊಟ್ಟು ನೂಕಿಸಬಹುದು. ಇಳಿಸುವುದು ಡ್ರೈವರನ ತಲೆನೋವು. ಮೇಲೆ ಬ್ರೇಕ್ ಪರೀಕ್ಷೆ ಆಗದೆ ಗಾಡಿ ಬಿಡುವಂತಿರಲಿಲ್ಲ.

ಮಗಳು ಕೆಲಸದ ಮೇಲೆ ಲಿಸ್ಬನ್ನಿನಲ್ಲಿದ್ದಾಳೆ. 2024ರಲ್ಲಿ ನಾವಿಬ್ಬರೂ ಅವಳ ಮನೆಗೆ ಹೋಗಿದ್ದೆವು. ಊರು ತೋರಿಸುವವರೆಲ್ಲ ಅಲ್ಲಿ ಹತ್ತಿದ ಕತೆಯನ್ನೇ ಹೇಳುತ್ತಾರೆ: ಯಾವ ಗುಡ್ಡಕ್ಕೆ ಯಾವ ಗಾಡಿ ಯಾವಾಗ ಬಂತು ಎಂದು. ಆ ಗಾಡಿ ಹೇಗೆ ಇಳಿಯುತ್ತಿತ್ತು, ಯಾವುದನ್ನು ನೆಚ್ಚಿ ನಿಲ್ಲುತ್ತಿತ್ತು ಎಂದು ಯಾರೂ ಹೇಳುವುದಿಲ್ಲ. ನನಗೆ ಬೇಕಾಗಿದ್ದುದು ಅದು.

ಗಾಡಿಗಿಂತ ಮುಂಚೆ ಹೆಗಲು. ಅಲ್ಫಾಮಾ ಎಂಬ ಹಳೆ ಕೇರಿಯ ಬುಡದಲ್ಲಿ ‘ರಾಜನ ಕಾರಂಜಿ’ ಎನ್ನುವ ನೀರಿನ ಕಟ್ಟೆಯಿದೆ. ಹದಿನಾರನೇ ಶತಮಾನದ ಹೆಸರಿಲ್ಲದ ಚಿತ್ರಕಾರನೊಬ್ಬ ಅದನ್ನು ಬರೆದಿದ್ದಾನೆ. ಚಿತ್ರದ ತುಂಬ ಕಪ್ಪು ಜನ, ಅವರ ತಲೆಯ ಮೇಲೆ ಕೊಡ. ಆಫ್ರಿಕಾದಿಂದ ತಂದ ಗುಲಾಮರೇ ಆಗ ಊರಿಗೆ ನೀರು ಹೊರುತ್ತಿದ್ದರು. ಅದೇ ಚಿತ್ರದಲ್ಲಿ ಕುದುರೆಯೇರಿದ ಕಪ್ಪು ಸರದಾರನೊಬ್ಬನೂ ಇದ್ದಾನೆ, ಅವನ ಕತೆ ಬೇರೆಯೇ ಇರಬೇಕು. 1748ರಲ್ಲಿ ದೊಡ್ಡ ಮೇಲ್ಗಾಲುವೆ ನೀರು ತಂದಿತು. ಅಲ್ಕಾಂತರಾ ಕಣಿವೆಯ ಮೇಲೆ ಅದರ ಅತಿ ಎತ್ತರದ ಕಮಾನು 65 ಮೀಟರ್. ಅಷ್ಟೆಲ್ಲ ಮಾಡಿದರೂ ನೀರು ಬಂದದ್ದು ಬೀದಿಯ ಕಾರಂಜಿಯವರೆಗೆ. ಅಲ್ಲಿಂದ ನಾಲ್ಕನೇ ಮಹಡಿಗೆ ಮತ್ತೆ ಹೆಗಲೇ. ಆ ಹೊತ್ತಿಗೆ ಹೆಗಲು ಕೊಟ್ಟವರು ಉತ್ತರದ ಗಲಿಸಿಯಾದಿಂದ ಕೂಲಿಗೆ ಬಂದ ಬಡವರು. ಮರದ ಪೀಪಾಯಿ ಹೊತ್ತು ಕೂಗುತ್ತ ಮಾರುತ್ತಿದ್ದರು. ಊರಲ್ಲಿ ಬೆಂಕಿ ಬಿದ್ದರೆ ಪೀಪಾಯಿ ಸಮೇತ ಓಡಲೇಬೇಕೆಂಬ ಕಟ್ಟಳೆಯೂ ಇತ್ತು. ಮಂಚ, ಬೀರು, ಪಿಯಾನೋ ಸಾಗಿಸಲು ಕೋಲು ಹಗ್ಗ ಹಿಡಿದು ಮೂಲೆಮೂಲೆಯಲ್ಲಿ ಕಾಯುತ್ತಿದ್ದವರೂ ಇವರೇ.

1755ರ ನವೆಂಬರ್ 1ರ ಭೂಕಂಪ, ಹಿಂದೆಯೇ ಬಂದ ಕಡಲ ಅಲೆ, ಬೆಂಕಿ ಮೂರೂ ಸೇರಿ ನದಿಯಂಚಿನ ತಗ್ಗನ್ನು ಅಳಿಸಿಹಾಕಿದವು. ಮಂತ್ರಿ ಪೊಂಬಾಲ್ ಅಲ್ಲಿ ಗೆರೆ ಎಳೆದಂತೆ ನೇರ ಬೀದಿಗಳ ಬೈಷಾ ಕಟ್ಟಿಸಿದ. ಗುಡ್ಡಗಳನ್ನು ಯಾರೂ ಮುಟ್ಟಲಿಲ್ಲ. ಹೀಗೆ ಊರಿಗೆ ಸಮತಟ್ಟಾದ ಹೊಸ ನಡು, ಎರಡೂ ಮಗ್ಗುಲಿಗೆ ಹಳೆಯ ಏರು ಉಳಿದವು. ಆಮೇಲೆ ಬಂದ ಸಾರಿಗೆ ಕಂಪನಿಗಳೆಲ್ಲ ಎದುರಿಸಿದ್ದು ಇದನ್ನೇ.

ಹಳಿಯ ಮೇಲೆ ಪ್ರಾಣಿ ಎಳೆಯುವ ಗಾಡಿ 1873ರ ನವೆಂಬರ್ 17ರಂದು ಹೊರಟಿತು. ಕಾರ್ರಿಸ್ ಕಂಪನಿಯದು, ಕಂಪನಿ ಹುಟ್ಟಿದ್ದು ಹಿಂದಿನ ವರ್ಷ, ಅದೂ ರಿಯೊ ದೆ ಜನೈರೊದಲ್ಲಿ. ಜನ ಆ ಗಾಡಿಯನ್ನು ‘ಅಮೆರಿಕಾನು’ ಎಂದರು. ಅದರ ಮೊದಲ ದಾರಿ ಸಾಂತ ಅಪೊಲೋನಿಯಾ ರೈಲು ನಿಲ್ದಾಣದಿಂದ ಸಾಂತುಸ್‌ವರೆಗೆ, ನದಿಯ ಗುಂಟ, ಚಪ್ಪಟೆ ನೆಲದಲ್ಲಿ. ಕಂಪನಿಯವರು ಲೆಕ್ಕ ಬಲ್ಲವರು. ಎಸಾ ದೆ ಕೆಯ್ರೋಸ್ 1888ರಲ್ಲಿ ಪ್ರಕಟಿಸಿದ ‘ಉಸ್ ಮಾಯಾಸ್’ ಕಾದಂಬರಿ ಮುಗಿಯುವುದು ಇಬ್ಬರು ಗೆಳೆಯರು ಈ ಗಾಡಿ ಹಿಡಿಯಲು ಓಡುವುದರಲ್ಲಿ. ಬದುಕಿನಲ್ಲಿ ಯಾವುದರ ಹಿಂದೆಯೂ ಓಡಬಾರದು ಎಂದು ಆಗಷ್ಟೇ ತೀರ್ಮಾನಿಸಿದವರು ಅವರು! ಓಡಿದ್ದು ಇಳಿಜಾರಿನಲ್ಲಿ ಎಂಬುದನ್ನು ಮಾತ್ರ ನಾನು ಗಮನಿಸಿದೆ.

ಏರಿಗೆ ಕೈಹಾಕಿದವನು ರಾವುಲ್ ಮೆಸ್ನಿಯೇ ದು ಪೊನ್ಸಾರ್. ಫ್ರೆಂಚ್ ತಂದೆತಾಯಿಗೆ ಪೋರ್ತೊ ನಗರದಲ್ಲಿ ಹುಟ್ಟಿದ ಎಂಜಿನಿಯರ್. 1882ರಲ್ಲಿ ಬ್ರಾಗಾ ಊರಿನ ಬೋಂ ಜೆಜುಸ್ ಗುಡ್ಡಕ್ಕೆ ಸ್ವಿಸ್ ಎಂಜಿನಿಯರ್ ರಿಗೆನ್‌ಬಾಖ್ ಜೊತೆ ಸೇರಿ ನೀರಿನ ತೂಕದಿಂದ ಓಡುವ ಗಾಡಿ ಮಾಡಿದ. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದಂತೆ, ಒಂದೇ ಉಕ್ಕಿನ ಹಗ್ಗದ ಎರಡು ತುದಿಗೆ ಎರಡು ಗಾಡಿ. ಮೇಲಿನ ಗಾಡಿಯ ತೊಟ್ಟಿಗೆ ನೀರು ತುಂಬಿದರೆ ಅದು ಭಾರವಾಗಿ ಇಳಿಯುತ್ತದೆ, ಕೆಳಗಿನದು ಏರುತ್ತದೆ. ಕೆಳಗೆ ಬಂದ ಮೇಲೆ ನೀರು ಚೆಲ್ಲುವುದು. ಬ್ರಾಗಾದಲ್ಲಿ ಇವತ್ತಿಗೂ ಅದು ನೀರಿನಿಂದಲೇ ಓಡುತ್ತದೆ. ಇದರಲ್ಲಿ ನನಗೆ ಹಿಡಿಸಿದ್ದು ನೀರಲ್ಲ, ಹಳಿಗಳ ನಡುವೆ ಹಾಸಿರುವ ಹಲ್ಲುಪಟ್ಟಿ. ಗಾಡಿಯ ಹಲ್ಲುಗಾಲಿ ಅದಕ್ಕೆ ಕಚ್ಚಿಕೊಂಡಿರುತ್ತದೆ. ಹಗ್ಗ ಕೈಕೊಟ್ಟರೂ ಆ ಗಾಲಿಯನ್ನು ಹಿಡಿದರೆ ಗಾಡಿ ಅಲ್ಲೇ ನಿಲ್ಲುತ್ತದೆ.

ಅದೇ ಏರ್ಪಾಡನ್ನು ಮೆಸ್ನಿಯೇ ಲಿಸ್ಬನ್ನಿಗೆ ತಂದ. 1884ರ ಏಪ್ರಿಲ್ 19ರಂದು ಲಾವ್ರ, 1885ರ ಅಕ್ಟೋಬರ್ 24ರಂದು ಗ್ಲೋರಿಯಾ, 1892ರಲ್ಲಿ ಬೀಕಾ. ಲಾವ್ರದ ಚಡಾವು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸುಮಾರು ನಾಲ್ಕೂವರೆಗೆ ಒಂದು, ಗ್ಲೋರಿಯಾದ್ದು ಐದೂವರೆಗೆ ಒಂದು. ಗ್ಲೋರಿಯಾ ಓಡುತ್ತಿದ್ದ ಒಟ್ಟು ದೂರ 265 ಮೀಟರ್. ಘಾಟಿಯಲ್ಲಿ ನಮ್ಮ ಗೂಡ್ಸ್ ಗಾಡಿಯೇ ಇದಕ್ಕಿಂತ ಉದ್ದ. ನೀರು ನಂಬಿಕೆಯದಲ್ಲ ಎಂದು ಬೇಗನೇ ಗೊತ್ತಾಗಿ ಹಬೆ ಎಂಜಿನ್ ಬಂತು, 1914–15ರ ಹೊತ್ತಿಗೆ ವಿದ್ಯುತ್ತು. ಮೆಸ್ನಿಯೇ 1902ರಲ್ಲಿ ಬೈಷಾದ ನಡುವೆ ನೆಟ್ಟ ಸಾಂತ ಜುಸ್ತಾ ಎಂಬ 45 ಮೀಟರಿನ ಕಬ್ಬಿಣದ ಲಿಫ್ಟು ಕೂಡ ಮೊದಲು ಹಬೆಯಲ್ಲೇ ನಡೆಯಿತು. ಅದರ ಮುಂದೆ ಫೋಟೋಕ್ಕೆ ನಿಲ್ಲುವವರ ಸಾಲು ದೊಡ್ಡದು, ನಾವು ಸೇರಲಿಲ್ಲ.

ಈಗ ಪ್ರವಾಸಿಗರು ಮುಗಿಬೀಳುವುದು 28ನೇ ನಂಬರಿನ ಟ್ರಾಮಿಗೆ. ಅದರ ದಾರಿಯ ತುಂಡುಗಳು ಅದಕ್ಕಿಂತ ಹಳೆಯವು. ಕಮೋಯಿಸ್ ಚೌಕದಿಂದ ಎಸ್ತ್ರೆಲಾಗೆ 1890ರಲ್ಲಿ, ಗ್ರಾಸಾಕ್ಕೆ 1893ರಲ್ಲಿ ನೆಲದಡಿಯ ಹಗ್ಗ ಹಿಡಿದು ಓಡುವ ಗಾಡಿಗಳು ಶುರುವಾಗಿದ್ದವು. 1901ರ ಆಗಸ್ಟ್ 31ರಂದು ವಿದ್ಯುತ್ ಟ್ರಾಮ್ ಬಂತು, ಅದೂ ಮೊದಲು ಓಡಿದ್ದು ನದಿಯಂಚಿನಲ್ಲೇ. ಆಮೇಲೆ ಧೈರ್ಯ ಬಂದು ಗುಡ್ಡ ಹತ್ತಿತು, ಹಗ್ಗದ ಗಾಡಿಗಳಿಗೆ ಕೆಲಸವಿಲ್ಲದಾಯಿತು. 28 ಶುರುವಾದದ್ದು 1914ರಲ್ಲಿ. ಹಳಿಯ ಅಗಲ 900 ಮಿಲಿಮೀಟರ್, ನಮ್ಮ ಮೀಟರ್ ಗೇಜಿಗಿಂತಲೂ ಕಿರಿದು. ಕೆಲವು ಕಡೆ ಚಡಾವು ಏಳಕ್ಕೆ ಒಂದರ ಹತ್ತಿರ ಹೋಗುತ್ತದೆ. ಹಗ್ಗವಿಲ್ಲ, ಹಲ್ಲಿಲ್ಲ, ಬರೀ ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಹಿಡಿದು ಏರಬೇಕು. ಇಲಾಖೆಯಲ್ಲಿ ಯಾರಾದರೂ ಹೀಗೆಂದಿದ್ದರೆ ನಾವು ನಕ್ಕು ಟೀ ತರಿಸುತ್ತಿದ್ದೆವು.

ಮಾರ್ತಿಂ ಮೊನಿಜ್ ಚೌಕದಲ್ಲಿ ಉದ್ದ ಸಾಲು. ಸುತ್ತಲಿನ ಅಂಗಡಿಗಳಲ್ಲಿ ಬಾಂಗ್ಲಾದೇಶದವರು, ನೇಪಾಳದವರು; ಕೊತ್ತಂಬರಿ ಸೊಪ್ಪು, ಬೆಂಡೆಕಾಯಿ ಎಲ್ಲ ಸಿಗುತ್ತದೆ. ಮಗಳ ಸಲಹೆಯಂತೆ ಇನ್ನೊಂದು ತುದಿ ಕಾಂಪು ದೆ ಓರೀಕ್‌ನಲ್ಲಿ ಬೆಳಿಗ್ಗೆ ಬೇಗ ಹತ್ತಿದೆವು, ಕೂರಲು ಜಾಗ ಸಿಕ್ಕಿತು. ನಾನು ಡ್ರೈವರನ ಹಿಂದಿನ ಸೀಟು ಹಿಡಿದೆ. ಮರದ ಮೈ ಹಳೆಯದಾದರೂ 1990ರ ದಶಕದಲ್ಲಿ ಅಡಿಗೆ ಹೊಸ ಮೋಟರು, ಹೊಸ ಬ್ರೇಕು ಹಾಕಿದ್ದಾರೆ. ಎಸ್ತ್ರೆಲಾದಿಂದ ಇಳಿಯುವಾಗ ಆತ ಮೊದಲು ಮೋಟರನ್ನೇ ತಡೆಯಾಗಿ ತಿರುಗಿಸಿದ. ನಾವು ಘಾಟಿಯಲ್ಲಿ ಮಾಡುತ್ತಿದ್ದುದೂ ಅದೇ, ಡೈನಮಿಕ್ ಬ್ರೇಕ್. ತಿರುವಿನ ಮುಂಚೆ ಗಾಳಿ ಬ್ರೇಕು ಉಸಿರು ಬಿಟ್ಟಿತು. ಒಂದು ಕಡೆ ಕಾರು ಅಡ್ಡ ಬಂದಾಗ ಅಡಿಯಲ್ಲಿ ‘ಟಣ್’ ಎಂದಿತು. ಆಯಸ್ಕಾಂತದ ಬ್ರೇಕು ನೇರವಾಗಿ ಹಳಿಗೇ ಕಚ್ಚಿಕೊಂಡ ಸದ್ದು ಅದು. ಇವೆಲ್ಲದರ ಮೇಲೆ ಕೈಬ್ರೇಕು, ಮತ್ತೆ ಗಾಲಿಯ ಮುಂದೆ ಉದುರಿಸಲು ಮರಳು. ಘಾಟಿಯಲ್ಲಿ ಗಾಲಿ ಜಾರಿದರೆ ನಾವೂ ಮರಳೇ ಬಿಡುತ್ತಿದ್ದೆವು.

“ಅಪ್ಪಾ, ಎಲ್ರೂ ಕಿಟಕಿಯಿಂದ ಚರ್ಚ್ ನೋಡ್ತಿದಾರೆ. ನೀವು ಆ ಮನುಷ್ಯನ ಕೈ ನೋಡ್ಕೊಂಡು ಕೂತಿದೀರಲ್ಲ” ಅಂದಳು ಮಗಳು.

“ಪರ್ಸ್ ಒಂದು ಕೈಯಲ್ಲಿ ಹಿಡ್ಕೊಂಡಿರಿ ಅಂತ ಹೇಳೇ” ಎಂದಳು ಇವಳು. ಆ ಟ್ರಾಮಿನಲ್ಲಿ ಜೇಬುಗಳ್ಳರ ಕಾಟವೆಂದು ಯಾರೋ ಹೆದರಿಸಿದ್ದರು.

ಅಲ್ಫಾಮಾದಲ್ಲಿ ಬೀದಿ ಎಷ್ಟು ಕಿರಿದೆಂದರೆ ಎರಡು ಹಳಿಗೆ ಜಾಗವಿಲ್ಲ. ಒಂದೇ ಹಳಿ, ಎದುರು ಗಾಡಿಗೆ ಕೆಂಪು ದೀಪ. ನಡೆಯುವವರು ಬೆನ್ನನ್ನು ಗೋಡೆಗೆ ಒತ್ತಿ ನಿಲ್ಲುತ್ತಾರೆ. ಕಿಟಕಿಯಿಂದ ಕೈ ಚಾಚಿದರೆ ಮನೆಯ ಬಾಗಿಲು ತಟ್ಟಬಹುದು.

ಮಾರನೇ ದಿನ ಗ್ಲೋರಿಯಾ ಹತ್ತಿದೆವು. ಕೆಳಗೆ ರೆಸ್ತೌರಾದೋರೆಸ್ ಚೌಕ, ಮೇಲೆ ಸಾವೋ ಪೇದ್ರು ದೆ ಅಲ್ಕಾಂತರಾ ತೋಟ. ಹಳದಿ ಗಾಡಿ, ಎರಡೂ ಮಗ್ಗುಲಿಗೆ ಉದ್ದ ಮರದ ಬೆಂಚು. ಬೀದಿ ಓರೆ, ಗಾಡಿಯ ನೆಲ ಮಾತ್ರ ಸಮ. ಮೇಲೆ ತಂತಿ, ಗಾಡಿಯಲ್ಲೇ ಮೋಟರು. ಹಳಿಗಳ ನಡುವೆ ಒಂದು ಸೀಳು. ಅದರೊಳಗೆ ಹಗ್ಗ, ಕಣ್ಣಿಗೆ ಬೀಳದು. ಮೆಸ್ನಿಯೇ ಕಾಲದ ಹಲ್ಲುಪಟ್ಟಿ ಈಗಿಲ್ಲ. ಎರಡೂ ಗಾಡಿಗಳ ಭಾರವನ್ನು ಒಂದಕ್ಕೊಂದು ತೂಗಿ ಹಿಡಿಯುತ್ತಿದ್ದುದು ಆ ಹಗ್ಗವೇ. ಮೋಟರು, ಬ್ರೇಕು ಎಲ್ಲ ಆ ತೂಕವನ್ನು ನೆಚ್ಚಿಕೊಂಡೇ ಕೆಲಸ ಮಾಡುತ್ತಿದ್ದವು. ಇದು ನನಗೆ ಆವತ್ತು ಪೂರ್ತಿ ಗೊತ್ತಿರಲಿಲ್ಲ. ಮರುವರ್ಷದ ಅಪಘಾತದ ತನಿಖೆಯ ಮೊದಲ ವರದಿ ಬಂದ ಮೇಲೆ ತಿಳಿಯಿತು.

2025ರ ಸೆಪ್ಟೆಂಬರ್ 3ರ ಸಂಜೆ ಗ್ಲೋರಿಯಾದ ಮೇಲಿನ ಗಾಡಿ ಹೊರಟ ಕೆಲವೇ ಕ್ಷಣಕ್ಕೆ ಹಗ್ಗ ಗಾಡಿಗೆ ಸೇರುವ ಜಾಗದಲ್ಲೇ ಕಿತ್ತುಬಂತು. ಬ್ರೇಕಿನವನು ಗಾಳಿ ಬ್ರೇಕೂ ಹಾಕಿದ, ಕೈಬ್ರೇಕೂ ಹಾಕಿದ. ಹಿಡಿಯಲಿಲ್ಲ. ಗಾಡಿ ಒಂದು ನಿಮಿಷದೊಳಗೆ ಬೀದಿಯ ತಿರುವಿಗೆ ಬಂದು, ಹಳಿ ತಪ್ಪಿ ಕಟ್ಟಡಕ್ಕೆ ಬಡಿಯಿತು. ಬ್ರೇಕಿನವನೂ ಸೇರಿ ಹದಿನಾರು ಜನ ಸತ್ತರು. ಬೆಳಿಗ್ಗೆಯಷ್ಟೇ ಗಾಡಿಯನ್ನು ನೋಡಿ ಸರಿಯಿದೆ ಎಂದಿದ್ದರು. ಕಿತ್ತುಹೋದ ಜಾಗ ಬಿಚ್ಚಿ ನೋಡದೆ ಕಾಣುವಂಥದ್ದಲ್ಲ. ಆ ಹಗ್ಗ ಜನ ಸಾಗಿಸುವ ಗಾಡಿಗೆ ಒಪ್ಪಿತವಾದದ್ದೇ ಅಲ್ಲವೆಂದೂ, ಹಗ್ಗದ ತೂಕ ತಪ್ಪಿದರೆ ಗಾಡಿಯನ್ನು ನಿಲ್ಲಿಸುವಷ್ಟು ಕಸುವು ಬ್ರೇಕುಗಳಿಗೆ ಇರಲಿಲ್ಲವೆಂದೂ ತನಿಖೆಯವರು ಬರೆದರು. ಊರಿನ ಉಳಿದ ಹಗ್ಗದ ಗಾಡಿಗಳನ್ನೂ ಕೂಡಲೇ ನಿಲ್ಲಿಸಿದರು.

ಎರಡು ಬ್ರೇಕು ಇದ್ದವು ಎಂದು ಟಿವಿಯಲ್ಲಿ ಹೇಳಿದವರಿದ್ದಾರೆ. ಎಣಿಕೆಯ ಮಾತು ಅದು. ಒಂದು ಹೋದರೆ ಇನ್ನೊಂದು ತಾನೊಂದೇ ಗಾಡಿ ನಿಲ್ಲಿಸಬಲ್ಲುದೇ ಎಂದು ಕೇಳಬೇಕು. 28ರ ಅಡಿಯಲ್ಲಿ ಹಳಿಯನ್ನೇ ಕಚ್ಚುವ ಬ್ರೇಕಿದೆ. ಗ್ಲೋರಿಯಾದಲ್ಲಿ ಹಲ್ಲುಪಟ್ಟಿ ಹೋದ ಮೇಲೆ ಆ ಜಾಗ ಖಾಲಿಯೇ ಉಳಿಯಿತು. ವಿದ್ಯುತ್ತು ಬಂತು ಎಂದು ಸಂಭ್ರಮಿಸುವ ಇತಿಹಾಸದ ಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ.

ಗಾಡಿ ಬೇಡವೆಂದರೆ ಕಾಲು. ಕಾಲಿಗೆ ಸಿಗುವುದು ಲಿಸ್ಬನ್ನಿನ ಬಿಳಿ ಸುಣ್ಣಕಲ್ಲು, ಕರಿ ಬಸಾಲ್ಟ್ ಕಲ್ಲುಗಳ ಚಿತ್ತಾರದ ಹಾಸು. ಇದನ್ನು 1842ರಲ್ಲಿ ಕೋಟೆಗುಡ್ಡದಲ್ಲಿ ಶುರುಮಾಡಿದವನು ಎವುಜೇಬಿಯು ಫುರ್ತಾದು ಎಂಬ ಸೇನಾಧಿಕಾರಿ, ಕೆಲಸ ಮಾಡಿದವರು ಕಾಲಿಗೆ ಸಂಕೋಲೆಯಿದ್ದ ಕೈದಿಗಳು. ಜನ ನೋಡಿ ಮೆಚ್ಚಿದರು. 1848–49ರಲ್ಲಿ ರೋಸಿಯು ಚೌಕಕ್ಕೂ ಅಲೆಯ ವಿನ್ಯಾಸ ಹಾಸಿದರು. ಕಸುಬು ಮರೆಯಬಾರದೆಂದು 1986ರಲ್ಲಿ ನಗರಸಭೆ ಇದಕ್ಕೊಂದು ಶಾಲೆಯನ್ನೇ ತೆರೆಯಿತು. ಶಿಯಾದು ಬಳಿ ಒಬ್ಬ ದುರಸ್ತಿ ಮಾಡುತ್ತಿದ್ದ. ಗಿಡ್ಡ ಸ್ಟೂಲಿನ ಮೇಲೆ ಕೂತು, ಕಲ್ಲನ್ನು ಎಡ ಅಂಗೈಯಲ್ಲೇ ಹಿಡಿದು ಸುತ್ತಿಗೆಯಿಂದ ಎರಡೇ ಏಟಿಗೆ ಮೂಲೆ ಒಡೆದು ಕೂರಿಸುತ್ತಿದ್ದ. ನೋಡಲು ಚೆಂದ. ಒಂದೂವರೆ ಶತಮಾನದ ಕಾಲುಗಳು ಸವೆಸಿ ಹೊಳಪು ಮಾಡಿದ ಅದೇ ಕಲ್ಲಿನ ಮೇಲೆ, ತುಂತುರು ಮಳೆಯಲ್ಲಿ, ಇಳಿಜಾರಿನಲ್ಲಿ ನಡೆದು ನೋಡಿ. ಅಲ್ಲಿ ಮರಳು ಉದುರಿಸುವವರು ಯಾರೂ ಇಲ್ಲ. ರಬ್ಬರ್ ಅಟ್ಟೆಯ ಷೂ ಬಿಟ್ಟು ಬೇರೆ ಹಾಕಬೇಡಿ.

ಮಂಡಿ ನೋವಿನವರಿಗೆ ಏರಿಗಿಂತ ಇಳಿಜಾರೇ ಕಷ್ಟ. ಊರಿನವರಿಗೆ ಇದು ಗೊತ್ತು, ಅವರು ಒಳದಾರಿ ಬಲ್ಲರು. ಬೈಷಾ–ಶಿಯಾದು ಮೆಟ್ರೋ ನಿಲ್ದಾಣಕ್ಕೆ ಕೆಳಗಿನ ಬೀದಿಯಲ್ಲೊಂದು ಬಾಗಿಲು, ಗುಡ್ಡದ ಮೇಲೊಂದು. ಆಲ್ವಾರು ಸೀಜಾ ಕಟ್ಟಿದ ಈ ನಿಲ್ದಾಣ ತೆರೆದದ್ದು 1998ರಲ್ಲಿ. ರೈಲು ಹತ್ತದೆ, ಟಿಕೆಟಿಲ್ಲದೆ, ಒಳಗಿನ ಎಸ್ಕಲೇಟರುಗಳ ಮೇಲೆಯೇ ಗುಡ್ಡ ದಾಟಬಹುದು. ಕೋಟೆಯ ಕಡೆಗೆ 2013ರಲ್ಲಿ ನಗರಸಭೆ ಹಳೆ ಕಟ್ಟಡವೊಂದರೊಳಗೆ ಪುಕ್ಕಟೆ ಲಿಫ್ಟು ಮಾಡಿತು. ಫಾಂಕೇರುಸ್ ಬೀದಿಯಲ್ಲಿ ಹತ್ತಿದರೆ ಮದಲೇನಾ ಬೀದಿ. ಅಲ್ಲಿಂದ ನಾಲ್ಕು ಹೆಜ್ಜೆಗೆ ಸೂಪರ್‌ಮಾರ್ಕೆಟ್ಟಿನ ಕಟ್ಟಡದಲ್ಲಿ ಇನ್ನೊಂದು ಲಿಫ್ಟು, ಕೋಟೆಯ ಮಗ್ಗುಲಿಗೇ ಬಿಡುತ್ತದೆ. ಪ್ರವಾಸಿಗರೆಲ್ಲ ಇವನ್ನು ಹತ್ತಲು ಹಿಡಿದು, ವಾಪಸು ಬರುವಾಗ ನೋಟ ನೋಡಿಕೊಂಡು ನಡೆದು ಇಳಿಯುತ್ತಾರೆ. ನಾವು ಉಲ್ಟಾ ಮಾಡಿದೆವು: ಕೂತು ಕೂತು ನಿಧಾನಕ್ಕೆ ನಡೆದು ಹತ್ತಿದೆವು, ಇಳಿಯಲು ಲಿಫ್ಟು ಹಿಡಿದೆವು. ಮೇಲಿನ ಬಾಗಿಲಲ್ಲಿ ಸಾಲೇ ಇರಲಿಲ್ಲ.