‘ಲ್ಯಾಚಸ್’: ನಿದ್ದಿ ಮಾಡಿದವರು ಯಾರು?



ಮೊನ್ನೆ ತುರ್ವಿಹಾಳ ಕಡೆಯ ಅಜ್ಜಿಯೊಬ್ಬರು ಆದೇಶದ ಪ್ರತಿ ಹಿಡ್ಕೊಂಡು ಬಂದಿದ್ರು. ಗಂಡನ ಹೆಸರಿಗೆ ಸರ್ಕಾರ ಕೊಟ್ಟಿದ್ದ ಹೊಲ ಕೈಬಿಟ್ಟು ಹೋಗಿ ದಶಕಗಳಾಗಿವೆ. ವಾಪಸ್ ಕೊಡಿಸಿ ಅಂತ ಹಾಕಿದ ಅರ್ಜಿ ವಜಾ. ಕಾರಣ: ‘ಡಿಲೇ ಅಂಡ್ ಲ್ಯಾಚಸ್’.

“ಹಂಗಂದ್ರೇನು ತಮ್ಮಾ?”

“ತಡ ಮಾಡಿ ಬಂದೀರಿ, ಅಲ್ಲೀತನ ನಿದ್ದಿ ಮಾಡೀರಿ ಅಂತ ಬರದಾರಬೇ.”

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾ ಯಾವಾಗ ನಿದ್ದಿ ಮಾಡೀನಪ್ಪಾ? ಮಂದಿ ಹೊಲದಾಗ ಕಳೆ ಕೀಳಾಕ ಹೋಗಿದ್ನೆಲ್ಲ” ಅಂದ್ರು.

ಅವತ್ತಿನಿಂದ ಈ ಶಬ್ದ ನನ್ನ ತಲೆಯಿಂದ ಹೋಗಿಲ್ಲ.

ಲ್ಯಾಚಸ್ ಮೂಲದಲ್ಲಿ ಇಂಗ್ಲಿಷ್ ಶಬ್ದವೇ ಅಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅಲ್ಲಿನ ಕೋರ್ಟುಗಳಿಗೆ ಹೊಕ್ಕ ಹಳೇ ಫ್ರೆಂಚ್. ಅರ್ಥ: ಸಡಿಲತನ, ಆಲಸ್ಯ. ಅದೇ ಬೇರಿನ ಶಬ್ದಕ್ಕೆ ಇವತ್ತಿನ ಫ್ರೆಂಚಿನಲ್ಲಿ ಹೇಡಿ ಅಂತ ಅರ್ಥ. ಅಂದ್ರೆ ಇದು ಬರೀ ದಿನ ಎಣಿಸುವ ಶಬ್ದವಲ್ಲ, ಮನುಷ್ಯನ ಗುಣದ ಮೇಲೆ ಹೊರಿಸುವ ಆಪಾದನೆ.

ಕಾಲಮಿತಿಯೇ ಬೇರೆ, ಲ್ಯಾಚಸ್ಸೇ ಬೇರೆ. ಕಾಲಮಿತಿಯನ್ನು ಕಾನೂನು ಲೆಕ್ಕ ಹಾಕಿ ಹೇಳುತ್ತದೆ. 1963ರ ಕಾಯ್ದೆಯಲ್ಲಿ ಸ್ಥಿರಾಸ್ತಿಯ ಸ್ವಾಧೀನ ಕೇಳಲು 12 ವರ್ಷ ಇದೆಯಲ್ಲ, ಹಾಗೆ. ಲ್ಯಾಚಸ್‌ಗೆ ಲೆಕ್ಕವಿಲ್ಲ. ತಡ ಎಷ್ಟು, ಯಾಕೆ, ಅಷ್ಟರಲ್ಲಿ ಎದುರಿನವರ ಸ್ಥಿತಿ ಏನಾಯ್ತು ಅಂತ ನ್ಯಾಯಾಧೀಶರು ತೂಗಿ ನೋಡಬೇಕು.

ಈಗ ನಮ್ಮ ಭೂಮಿಗೆ ಬರೋಣ. ದೇವರಾಜ ಅರಸು ಸರ್ಕಾರದ 1978ರ ಪಿಟಿಸಿಎಲ್ ಕಾಯ್ದೆ 1979ರ ಜನವರಿ 1ರಂದು ಜಾರಿಗೆ ಬಂತು. ಎಸ್ಸಿ, ಎಸ್ಟಿಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಪರಭಾರೆ ಮಾಡಿದ್ರೆ ಅದು ಅಸಿಂಧು, ಕಾಯ್ದೆಗಿಂತ ಮೊದಲು ಆಗಿದ್ದರೂ ಸರಿ. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿ ಹಿಡಿಯಿತು. ಕಾಯ್ದೆಯಲ್ಲಿ ಕಾಲಮಿತಿ ಇರಲಿಲ್ಲ.

2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದ ತೀರ್ಪು ಬಂತು. ಕಾಲಮಿತಿ ಇಲ್ಲದಿದ್ದರೂ ‘ಸಮಂಜಸ ಅವಧಿ’ಯೊಳಗೆ ಬರಬೇಕು, 25 ವರ್ಷ ತಡವಾಯ್ತು ಎಂದಿತು ಸುಪ್ರೀಂ ಕೋರ್ಟ್. ಆಮೇಲೆ ಅರ್ಜಿಗಳು ಸಾಲುಸಾಲಾಗಿ ಬಿದ್ದವು. ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ನಮ್ಮ ಜನ ತಿಂಗಳುಗಟ್ಟಲೆ ಧರಣಿ ಕೂತರು. 2023ರ ಜುಲೈನಲ್ಲಿ ತಿದ್ದುಪಡಿ ಬಂತು: ಅರ್ಜಿಗೆ ಯಾವ ಕಾಲಮಿತಿಯೂ ಇಲ್ಲ. ಗೆದ್ದೆವು ಅಂದ್ಕೊಂಡ್ವಿ. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠವೊಂದು ಹೇಳಿತು: ತಿದ್ದುಪಡಿ ತೆಗೆದದ್ದು ಕಾಲಮಿತಿಯನ್ನ, ಲ್ಯಾಚಸ್ಸನ್ನಲ್ಲ. ಬಾಗಿಲು ತೆಗೆದ್ರೂ ಚಿಲಕ ಉಳೀತು.

ಕೊಂಡವರೂ ವರ್ಷಗಟ್ಟಲೆ ದುಡಿದಿದ್ದಾರೆ ಅನ್ನೋ ವಾದವನ್ನ ನಾನು ಅಲ್ಲಗಳೆಯೋದಿಲ್ಲ. ಆದ್ರೆ ನಿದ್ದಿ ಲೆಕ್ಕ ಹಾಕೋದಾದ್ರೆ ಎಲ್ಲರದೂ ಹಾಕ್ರಿ. ಕಾಯ್ದೆಯ 5ನೇ ಕಲಂ ಓದ್ರಿ. ವಾರಸುದಾರ ಅರ್ಜಿ ಕೊಡಬಹುದು, ಬೇರೆ ಯಾರಾದ್ರೂ ಲಿಖಿತ ಮಾಹಿತಿ ಕೊಡಬಹುದು, ಯಾರೂ ಕೊಡದಿದ್ರೂ ಸಹಾಯಕ ಆಯುಕ್ತರು ತಾವಾಗಿಯೇ ಕ್ರಮ ತಗೋಬಹುದು. 1979ರಿಂದ ಪಹಣಿಗಳು ಸರ್ಕಾರದ ದಫ್ತರದಲ್ಲೇ ಇವೆ. ನಾನೂ ಗುಮಾಸ್ತ, ಕಡತ ಹೇಗೆ ಮಲಗುತ್ತೆ ಅಂತ ಗೊತ್ತು. ದಫ್ತರದ ನಿದ್ದಿಗೆ ಲ್ಯಾಚಸ್ ಅನ್ನೋ ಹೆಸರಿಲ್ಲ. ಓದು ಬಾರದ, ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವ ಅಜ್ಜಿಗೆ ಮಾತ್ರ ಆ ಹೆಸರು.

ನಮ್ಮ ಭಾಗದ ಚರಿತ್ರೆಯೂ ನೆನಪಿರಲಿ. 1948ರವರೆಗೆ ನಿಜಾಮನ ಆಡಳಿತ, 1956ರವರೆಗೆ ಹೈದರಾಬಾದ್ ರಾಜ್ಯ. ಆಮೇಲೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಸಿಂಧನೂರು ಸೀಮೆ ಭತ್ತದ ಗದ್ದೆಯಾಯ್ತು. ಒಣಭೂಮಿಗೆ ಬೆಲೆ ಬಂದದ್ದೇ ತಡ, ಬಡವನ ಪಟ್ಟಾದ ಮೇಲೆ ಎಲ್ಲರ ಕಣ್ಣು ಬಿತ್ತು.

ಅದಕ್ಕೇ ಕಾರ್ಯಕರ್ತರಿಗೆ ಒಂದು ಮಾತು. ಅರ್ಜಿ ಬರೆಯುವಾಗ ತಡ ಯಾಕಾಯ್ತು ಅಂತ ಒಂದೊಂದೂ ಬರೀರಿ: ಅಕ್ಷರ ಇರಲಿಲ್ಲ, ಗುಳೆ ಹೋಗಿದ್ವಿ, ಸಾಲವಿತ್ತು, ಹೆದರಿಕೆಯಿತ್ತು, ಕಾಯ್ದೆ ಇದೆ ಅಂತ ಯಾರೂ ಹೇಳಲಿಲ್ಲ. ಮಂಜೂರಾತಿ ಪತ್ರದ ಪ್ರತಿ ಇವತ್ತೇ ತೆಗೆಸ್ರಿ. ನಾಳೆ ಅನ್ನಬ್ಯಾಡ್ರಿ. ಆ ನಾಳೆಯನ್ನೇ ಅವರು ಲ್ಯಾಚಸ್ ಅಂತಾರ.

ಜೈ ಭೀಮ್.