ಯಾಂತ್ರಿಕ ಕೀಲಿಮಣೆಯ ಆಯ್ಕೆ: ಆಟಕ್ಕೂ ಕನ್ನಡ ಬರವಣಿಗೆಗೂ ಸಲ್ಲುವ ಒಂದು ಮಣೆ

ಗಣಕಯಂತ್ರವನ್ನು ಕೊಳ್ಳುವಾಗ ಅದರ ವೇಗ, ಸ್ಮರಣ ಸಾಮರ್ಥ್ಯ, ಪರದೆಯ ಅಳತೆ ಮುಂತಾದವುಗಳ ಕುರಿತು ನಾವು ಹತ್ತು ಜನರಲ್ಲಿ ವಿಚಾರಿಸುತ್ತೇವೆ. ಆದರೆ ದಿನವಿಡೀ ನಮ್ಮ ಬೆರಳುಗಳು ಆಡುವ ಕೀಲಿಮಣೆಯ ಕುರಿತು ವಿಚಾರಿಸುವವರು ವಿರಳ. ಪೆಟ್ಟಿಗೆಯೊಡನೆ ಬಂದದ್ದೇ ಸಾಕು ಎಂಬುದು ಸಾಮಾನ್ಯ ಧೋರಣೆ. ಇತ್ತೀಚಿನ ವರ್ಷಗಳಲ್ಲಿ ಮಹಾನಗರಗಳ ಮನೆಗಳಲ್ಲಿ ಮಕ್ಕಳು ಆಟಕ್ಕಾಗಿ ‘ಮೆಕ್ಯಾನಿಕಲ್ ಕೀಬೋರ್ಡ್’ ಬೇಕೆಂದು ಕೇಳತೊಡಗಿದ ಮೇಲೆ ಈ ವಿಷಯ ಹಿರಿಯರ ಗಮನಕ್ಕೂ ಬಂದಿದೆ. ಅದೇ ಮೇಜಿನಲ್ಲಿ ಒಬ್ಬರು ಲೆಕ್ಕಪತ್ರ ನೋಡಬೇಕು, ಇನ್ನೊಬ್ಬರು ಸಂಘದ ಸ್ಮರಣ ಸಂಚಿಕೆಗೆ ಕನ್ನಡ ಲೇಖನವನ್ನು ಸಿದ್ಧಪಡಿಸಬೇಕು. ಈ ಎಲ್ಲರಿಗೂ ಒಂದೇ ಕೀಲಿಮಣೆ ಸಲ್ಲುವುದೇ? ಸಲ್ಲುತ್ತದೆ, ಆದರೆ ಬಣ್ಣದ ದೀಪಗಳನ್ನು ನೋಡಿ ಆರಿಸಿದರೆ ಅಲ್ಲ, ಬೆರಳು ಮತ್ತು ಮನೆ ಎರಡನ್ನೂ ನೋಡಿ ಆರಿಸಿದರೆ ಮಾತ್ರ.

ಯಾಂತ್ರಿಕ ಕೀಲಿಮಣೆ ಎಂದರೇನು?

ಸಾಮಾನ್ಯ ಅಗ್ಗದ ಕೀಲಿಮಣೆಯಲ್ಲಿ ಎಲ್ಲ ಕೀಲಿಗಳ ಅಡಿಯಲ್ಲಿ ಒಂದೇ ರಬ್ಬರ್ ಹಾಳೆ ಹಾಸಿರುತ್ತದೆ. ಕೀಲಿಯನ್ನು ತಳದವರೆಗೂ ಅದುಮಿದಾಗ ರಬ್ಬರಿನ ಗುಮ್ಮಟ ಕುಸಿದು ಕೆಳಗಿನ ಪದರಗಳು ಪರಸ್ಪರ ತಾಗುತ್ತವೆ. ವರ್ಷಗಳು ಕಳೆದಂತೆ ರಬ್ಬರು ತನ್ನ ಪುಟಿಯುವ ಗುಣವನ್ನು ಕಳೆದುಕೊಳ್ಳುತ್ತದೆ. ಯಾಂತ್ರಿಕ ಕೀಲಿಮಣೆಯಲ್ಲಾದರೋ ಪ್ರತಿಯೊಂದು ಕೀಲಿಗೂ ತನ್ನದೇ ಆದ ಸ್ವಿಚ್ಚು, ಅದರೊಳಗೆ ಒಂದು ಲೋಹದ ಸ್ಪ್ರಿಂಗು, ಒಂದು ಜಾರುದಂಡ ಮತ್ತು ಲೋಹದ ಸಂಪರ್ಕಪಟ್ಟಿ ಇರುತ್ತವೆ. ಕೀಲಿ ಸುಮಾರು ಅರ್ಧದಾರಿ ಇಳಿದಾಗಲೇ ಅಕ್ಷರ ದಾಖಲಾಗುವುದರಿಂದ ತಳಕ್ಕೆ ಬಡಿಯುವ ಅಗತ್ಯವಿಲ್ಲ. ಬೆರಳಿನ ದಣಿವು ಕಡಿಮೆಯಾಗಲು ಇದೇ ಮುಖ್ಯ ಕಾರಣ.

ಈ ತತ್ತ್ವ ಹೊಸದೇನಲ್ಲ. ಮುಂಬಯಿಯ ಗೋದ್ರೇಜ್ ಸಂಸ್ಥೆ 1955ರಲ್ಲಿ ಹೊರತಂದ ಟೈಪ್‌ರೈಟರಿನ ಪರಂಪರೆಯಲ್ಲಿ ಬೆರಳಚ್ಚು ಕಲಿತ ಹಿರಿಯರಿಗೆ, ಕೀಲಿ ಇಳಿದುದು ಬೆರಳಿಗೆ ತಿಳಿಯಬೇಕು ಎಂಬ ನಿರೀಕ್ಷೆ ಚಿರಪರಿಚಿತವಾದುದೇ. 1985ರಲ್ಲಿ ಬಂದ ಐಬಿಎಂ ಸಂಸ್ಥೆಯ ‘ಮಾಡೆಲ್ ಎಂ’ ಕೀಲಿಮಣೆ ಬಾಗುವ ಸ್ಪ್ರಿಂಗಿನ ಗಟ್ಟಿ ಸದ್ದಿಗೆ ಹೆಸರಾಯಿತು. 1980ರ ದಶಕದಲ್ಲೇ ಜರ್ಮನಿಯ ಚೆರಿ ಸಂಸ್ಥೆ ‘ಎಂಎಕ್ಸ್’ ಸ್ವಿಚ್ಚನ್ನು ರೂಪಿಸಿತು. ಅದರ ಮೂಲ ಪೇಟೆಂಟಿನ ಅವಧಿ 2010ರ ದಶಕದಲ್ಲಿ ಮುಗಿದ ಬಳಿಕ ಗೇಟೆರಾನ್, ಕೈಲ್, ಔಟೆಮು ಮುಂತಾದ ಚೀನೀ ಸಂಸ್ಥೆಗಳು ಅದೇ ಮಾದರಿಯ ಸ್ವಿಚ್ಚುಗಳನ್ನು ವ್ಯಾಪಕವಾಗಿ ತಯಾರಿಸತೊಡಗಿದವು. ಒಂದು ಕಾಲಕ್ಕೆ ದುಬಾರಿಯಾಗಿದ್ದ ಈ ವಸ್ತು ಇಂದು ಎರಡು-ಮೂರು ಸಾವಿರ ರೂಪಾಯಿಗಳಿಂದಲೇ ಆರಂಭವಾಗಿ ದೊರೆಯುವುದಕ್ಕೆ ಈ ಪೈಪೋಟಿಯೂ ಕಾರಣ.

ಸ್ವಿಚ್ಚಿನ ಮೂರು ಬಗೆಗಳು

ಆಯ್ಕೆಯ ತಿರುಳು ಇರುವುದು ಸ್ವಿಚ್ಚಿನಲ್ಲಿ. ಇದರಲ್ಲಿ ಮೂರು ಮುಖ್ಯ ಬಗೆಗಳಿದ್ದು, ಅವನ್ನು ಬಣ್ಣಗಳಿಂದ ಗುರುತಿಸುವುದು ರೂಢಿ. ಒತ್ತಲು ಬೇಕಾದ ಬಲವನ್ನು ಸೆಂಟಿನ್ಯೂಟನ್ ಎಂಬ ಮಾನದಲ್ಲಿ ಹೇಳುತ್ತಾರೆ. ಒಂದು ಸೆಂಟಿನ್ಯೂಟನ್ ಎಂದರೆ ಸರಿಸುಮಾರು ಒಂದು ಗ್ರಾಂ ತೂಕದ ಭಾರ. ಕೆಳಗಿನ ಅಂಕಿಗಳು ಚೆರಿ ಸ್ವಿಚ್ಚುಗಳವು.

ಮೊದಲನೆಯದು ಕೆಂಪು ಸ್ವಿಚ್ಚು. ಇದು ಯಾವ ತಡೆಯೂ ಇಲ್ಲದೆ ನೇರವಾಗಿ ಇಳಿಯುತ್ತದೆ. ಬೇಕಾದ ಬಲ 45 ಸೆಂಟಿನ್ಯೂಟನ್; 4 ಮಿಲಿಮೀಟರ್ ಚಲನೆಯಲ್ಲಿ 2 ಮಿಲಿಮೀಟರ್ ಇಳಿದಾಗ ಒತ್ತು ದಾಖಲಾಗುತ್ತದೆ. ಎರಡನೆಯದು ಕಂದು ಸ್ವಿಚ್ಚು. ನಡುದಾರಿಯಲ್ಲಿ ಸಣ್ಣದೊಂದು ಉಬ್ಬು ಬೆರಳಿಗೆ ತಾಗಿ ‘ಅಕ್ಷರ ಬಿದ್ದಿದೆ’ ಎಂದು ತಿಳಿಸುತ್ತದೆ. ಬೇಕಾದ ಬಲ 55 ಸೆಂಟಿನ್ಯೂಟನ್. ಮೂರನೆಯದು ನೀಲಿ ಸ್ವಿಚ್ಚು. ಇದರಲ್ಲಿ ಉಬ್ಬಿನ ಜೊತೆಗೆ ಸ್ಫುಟವಾದ ‘ಟಿಕ್’ ಸದ್ದೂ ಉಂಟು. ಬೇಕಾದ ಬಲ 60 ಸೆಂಟಿನ್ಯೂಟನ್. ಇತರ ಸಂಸ್ಥೆಗಳೂ ಬಹುಮಟ್ಟಿಗೆ ಇದೇ ಬಣ್ಣಗಳನ್ನು ಅನುಸರಿಸುತ್ತವೆಯಾದರೂ ಬಣ್ಣ ಒಂದೇ ಆದ ಮಾತ್ರಕ್ಕೆ ಗುಣವೂ ಒಂದೇ ಎಂದು ಭಾವಿಸಬಾರದು. ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದಿ ನೋಡುವುದು ಉಚಿತ.

ಆಟಕ್ಕೆ ನಿಜವಾಗಿ ಬೇಕಾದುದೇನು?

ಆಟದಲ್ಲಿ ಮೂರು ನಾಲ್ಕು ಕೀಲಿಗಳನ್ನು ಏಕಕಾಲಕ್ಕೆ ಒತ್ತಬೇಕಾಗುತ್ತದೆ. ಅಗ್ಗದ ಕೀಲಿಮಣೆಗಳಲ್ಲಿ ಕೆಲವು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಒಂದು ದಾಖಲಾಗದೆ ಉಳಿದುಬಿಡುತ್ತದೆ. ಪ್ರತಿ ಕೀಲಿಗೂ ಒಂದು ಡಯೋಡ್ ಅಳವಡಿಸಿದ ಮಣೆಯಲ್ಲಿ ಈ ದೋಷವಿರದು. ಇದನ್ನು ‘ಎನ್-ಕೀ ರೋಲ್‌ಓವರ್’ ಎನ್ನುತ್ತಾರೆ. ಆಟಕ್ಕಾಗಿ ಕೊಳ್ಳುವವರು ಮೊದಲು ಖಚಿತಪಡಿಸಿಕೊಳ್ಳಬೇಕಾದ ಅಂಶ ಇದೇ.

ಜಾಹೀರಾತುಗಳಲ್ಲಿ ಎದ್ದು ಕಾಣುವ ಇನ್ನೊಂದು ಸಂಖ್ಯೆ ‘ಪೋಲಿಂಗ್ ದರ’. 125 ಹರ್ಟ್ಜ್ ಎಂದರೆ ಕೀಲಿಮಣೆ 8 ಮಿಲಿಸೆಕೆಂಡಿಗೊಮ್ಮೆ ಗಣಕಯಂತ್ರಕ್ಕೆ ವರದಿ ಮಾಡುತ್ತದೆ. 1000 ಹರ್ಟ್ಜ್ ಎಂದರೆ 1 ಮಿಲಿಸೆಕೆಂಡಿಗೊಮ್ಮೆ. ಕಣ್ಣು ಕಂಡುದಕ್ಕೆ ಬೆರಳು ಸ್ಪಂದಿಸಲು ಮನುಷ್ಯನಿಗೆ ಸುಮಾರು 200 ಮಿಲಿಸೆಕೆಂಡು ಬೇಕು. ಹೀಗಿರುವಾಗ 1000 ಹರ್ಟ್ಜ್ ಇದ್ದರೆ ಧಾರಾಳವಾಯಿತು. 8000 ಹರ್ಟ್ಜ್‌ಗಾಗಿ ಹೆಚ್ಚು ಹಣ ತೆರುವುದರಿಂದ ಮನೆಯ ಆಟಗಾರನಿಗೆ ಆಗುವ ಲಾಭ ಅತ್ಯಲ್ಪ.

ಇತ್ತೀಚೆಗೆ ಪ್ರಚಾರಕ್ಕೆ ಬಂದಿರುವುದು ಅಯಸ್ಕಾಂತದ ಸ್ವಿಚ್ಚು. ಇದರಲ್ಲಿ ಲೋಹದ ಸಂಪರ್ಕವಿಲ್ಲ. ಕೀಲಿಯೊಳಗಿನ ಅಯಸ್ಕಾಂತ ಎಷ್ಟು ಇಳಿಯಿತೆಂಬುದನ್ನು ಸಂವೇದಕವು ಅಳೆಯುತ್ತದೆ. ಯಾವ ಆಳದಲ್ಲಿ ದಾಖಲಾಗಬೇಕೆಂಬುದನ್ನು ನಾವೇ ನಿಗದಿಪಡಿಸಬಹುದು. ಕ್ಷಿಪ್ರ ಚಲನೆಯ ಸ್ಪರ್ಧಾತ್ಮಕ ಆಟಗಳಿಗೆ ಇದರಿಂದ ನಿಜವಾದ ಅನುಕೂಲವಿದೆ. ಆದರೆ ಇದರೊಡನೆ ಬರುವ ಕೆಲವು ಸ್ವಯಂಚಾಲಿತ ಸೌಲಭ್ಯಗಳು ಎಲ್ಲೆಡೆ ಅನುಮತಿ ಪಡೆದಿಲ್ಲ. ಉದಾಹರಣೆಗೆ, ವಿರುದ್ಧ ದಿಕ್ಕಿನ ಎರಡು ಕೀಲಿಗಳ ನಡುವೆ ಯಂತ್ರವೇ ನಿರ್ಧಾರ ಮಾಡುವ ‘ಸ್ನ್ಯಾಪ್ ಟ್ಯಾಪ್’ನಂತಹ ಸೌಲಭ್ಯಗಳ ಬಳಕೆಯನ್ನು ವಾಲ್ವ್ ಸಂಸ್ಥೆ 2024ರ ಆಗಸ್ಟ್‌ನಲ್ಲಿ ತನ್ನ ‘ಕೌಂಟರ್-ಸ್ಟ್ರೈಕ್ 2’ ಆಟದ ಅಧಿಕೃತ ಸರ್ವರುಗಳಲ್ಲಿ ನಿಷೇಧಿಸಿತು. ಇಂತಹ ಸೌಲಭ್ಯಕ್ಕಾಗಿ ಹೆಚ್ಚಿನ ಬೆಲೆ ಕೊಡುವ ಮುನ್ನ ಆಯಾ ಆಟದ ನಿಯಮವನ್ನು ಮಕ್ಕಳೊಡನೆ ಕುಳಿತು ಓದುವುದು ಒಳಿತು.

ಕನ್ನಡ ಬರವಣಿಗೆಯ ದೃಷ್ಟಿ

ಕೀಲಿಗಳ ಮೇಲೆ ಕನ್ನಡ ಅಕ್ಷರಗಳ ಅಚ್ಚು ಇಲ್ಲದಿದ್ದರೆ ಕನ್ನಡ ಬರೆಯಲಾಗದು ಎಂಬ ಭಾವನೆ ಇಂದಿಗೂ ಅನೇಕರಲ್ಲಿದೆ. ಮನೆಯಲ್ಲಿ ಸೊಗಸಾಗಿ ಕನ್ನಡ ಮಾತನಾಡುವವರೂ ಈ ಕಾರಣದಿಂದ ರೋಮನ್ ಲಿಪಿಯಲ್ಲಿ ಕನ್ನಡ ಬರೆಯುವುದುಂಟು. ವಾಸ್ತವದಲ್ಲಿ ಕೀಲಿಮಣೆಯು ಗಣಕಯಂತ್ರಕ್ಕೆ ಕಳುಹಿಸುವುದು ಅಕ್ಷರವನ್ನಲ್ಲ, ಕೀಲಿಯ ಸಂಕೇತಸಂಖ್ಯೆಯನ್ನು. ಅದನ್ನು ಕನ್ನಡವಾಗಿಸುವುದು ಒಳಗಿನ ತಂತ್ರಾಂಶ. ಆದ್ದರಿಂದ ಆಟಕ್ಕೆಂದು ಕೊಂಡ ಯಾವ ಕೀಲಿಮಣೆಯೂ ಕನ್ನಡಕ್ಕೆ ಸಿದ್ಧವಾಗಿಯೇ ಇರುತ್ತದೆ.

ಬಳಕೆಯಲ್ಲಿರುವ ವಿನ್ಯಾಸಗಳಲ್ಲಿ ಎರಡು ಮುಖ್ಯವಾದವು. ಒಂದು, ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಇನ್‌ಸ್ಕ್ರಿಪ್ಟ್. ಇದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ ಬರುತ್ತವೆ. ಇನ್ನೊಂದು, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಸೇವೆ ಸಲ್ಲಿಸಿದ್ದ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಇದೇ ಮುಂದೆ ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾಯಿತು. ವಿಂಡೋಸ್ 10 ಮತ್ತು 11ರಲ್ಲಿ ಇನ್‌ಸ್ಕ್ರಿಪ್ಟ್ ಜೊತೆಗೆ ಉಚ್ಚಾರಣೆಯನ್ನು ಅನುಸರಿಸುವ ಕನ್ನಡ ವಿನ್ಯಾಸವೂ ಲಭ್ಯವಿದೆ.

ಈ ವಿನ್ಯಾಸಗಳು ಬೆರಳುಗಳ ಮೇಲೆ ಹೊರಿಸುವ ಕೆಲಸ ಇಂಗ್ಲಿಷಿನಂತಿಲ್ಲ ಎಂಬುದು ಗಮನಾರ್ಹ. ಕೆ. ಪಿ. ರಾವ್ ವಿನ್ಯಾಸದಲ್ಲಿ ದೀರ್ಘಸ್ವರಗಳಿಗೂ ಮಹಾಪ್ರಾಣಗಳಿಗೂ ಣಕಾರ, ಳಕಾರಗಳಿಗೂ ಶಿಫ್ಟ್ ಕೀಲಿಯನ್ನು ಹಿಡಿಯಬೇಕು. ಒತ್ತಕ್ಷರಕ್ಕೆ ‘ಎಫ್’ ಕೀಲಿ ಬೇಕು. ಇನ್‌ಸ್ಕ್ರಿಪ್ಟಿನಲ್ಲಿ ಒತ್ತಕ್ಷರದ ಹೊಣೆ ‘ಡಿ’ ಕೀಲಿಯದು. ‘ಕ್ಷೇತ್ರ’ ಎಂಬ ಎರಡಕ್ಷರದ ಪದಕ್ಕೇ ಈ ಕೀಲಿಯನ್ನು ಎರಡು ಬಾರಿ ಒತ್ತಬೇಕು. ಇದರಿಂದ ಎರಡು ತೀರ್ಮಾನಗಳನ್ನು ಪಡೆಯಬಹುದು. ಶಿಫ್ಟ್ ಕೀಲಿಯನ್ನು ಹಿಡಿಯುವುದು ದುರ್ಬಲವಾದ ಕಿರುಬೆರಳಾದ್ದರಿಂದ ತೀರ ಬಿಗಿಯಾದ ಸ್ವಿಚ್ಚು ದೀರ್ಘ ಲೇಖನದಲ್ಲಿ ದಣಿವು ತರುತ್ತದೆ. ತೀರ ಹಗುರವಾದ ಸ್ವಿಚ್ಚಿನಲ್ಲಿ ಸುಮ್ಮನೆ ತಾಗಿದ ಬೆರಳೂ ಅನಗತ್ಯವಾದ ಒತ್ತನ್ನು ಮೂಡಿಸಿ ಪದ ಕೆಡುತ್ತದೆ. ಕನ್ನಡದಲ್ಲಿ ಹೆಚ್ಚು ಬರೆಯುವವರಿಗೆ ಉಬ್ಬಿನ ಅರಿವು ಕೊಡುವ, 45ರಿಂದ 55 ಸೆಂಟಿನ್ಯೂಟನ್ ಬಲದ ಸ್ವಿಚ್ಚು ಹೊಂದುವುದು ಇದೇ ಕಾರಣಕ್ಕೆ.

ಆಟ ಮತ್ತು ಕನ್ನಡ ಒಂದೇ ಯಂತ್ರದಲ್ಲಿದ್ದಾಗ ಎರಡು ತೊಡಕುಗಳು ಎದುರಾಗಬಹುದು. ವಿಂಡೋಸ್‌ನಲ್ಲಿ ಎಡಗಡೆಯ ಆಲ್ಟ್ ಹಾಗೂ ಶಿಫ್ಟ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಆಟದ ನಡುವೆ ಹೀಗಾದರೆ ಆಟಗಾರ ‘ಕನ್ನಡ ಅಳವಡಿಸಿದ್ದರಿಂದ ಆಟ ಕೆಟ್ಟಿತು’ ಎಂದು ಕನ್ನಡವನ್ನೇ ತೆಗೆದುಹಾಕುವ ಸಂಭವವುಂಟು. ಸೆಟ್ಟಿಂಗ್ಸ್‌ನಲ್ಲಿ ಈ ಸಂಯೋಜನೆಯೊಂದನ್ನು ರದ್ದುಪಡಿಸಿ, ಭಾಷೆ ಬದಲಿಸಲು ವಿಂಡೋಸ್ ಕೀಲಿ ಮತ್ತು ಸ್ಪೇಸ್ ಕೀಲಿಯನ್ನು ಬಳಸಿದರೆ ಸಾಕು. ಎರಡನೆಯದು, ಅನೇಕ ಆಟದ ಕೀಲಿಮಣೆಗಳಲ್ಲಿರುವ ‘ಗೇಮ್ ಮೋಡ್’ ವಿಂಡೋಸ್ ಕೀಲಿಯನ್ನು ನಿಷ್ಕ್ರಿಯಗೊಳಿಸುತ್ತದೆ. ಬರೆಯಲು ಕುಳಿತಾಗ ಭಾಷೆ ಬದಲಾಗದಿದ್ದರೆ ಮೊದಲು ಪರಿಶೀಲಿಸಬೇಕಾದುದು ಇದನ್ನೇ.

ಸದ್ದು ಮತ್ತು ನೆರೆಹೊರೆ

ಮಹಾನಗರದ ಮನೆಗಳಲ್ಲಿ ಓದುವ ಕೋಣೆ, ಮಲಗುವ ಕೋಣೆ ಎಂಬ ಭೇದ ಅನೇಕ ವೇಳೆ ಇರುವುದಿಲ್ಲ. ರಾತ್ರಿ ಹನ್ನೊಂದರ ನಂತರ ನೀಲಿ ಸ್ವಿಚ್ಚಿನ ಟಿಕ್ ಟಿಕ್ ಸದ್ದು ಅದೇ ಕೋಣೆಯಲ್ಲಿ ಮಲಗಿದವರ ನಿದ್ರೆಗೆ ನೇರ ಅಡಚಣೆ. ನೀಲಿ ಸ್ವಿಚ್ಚನ್ನು ಪ್ರತ್ಯೇಕ ಕೋಣೆಯುಳ್ಳವರು ಮಾತ್ರ ಆರಿಸುವುದು ವಿಹಿತ. ಕೆಂಪು, ಕಂದು ಸ್ವಿಚ್ಚುಗಳೂ ಸಂಪೂರ್ಣ ನಿಶ್ಶಬ್ದವಲ್ಲ. ಕೀಲಿ ತಳಕ್ಕೆ ಬಡಿದಾಗ ಸದ್ದಾಗಿಯೇ ಆಗುತ್ತದೆ. ಒಳಗೆ ಮೆತ್ತೆಯಿರುವ ‘ಸೈಲೆಂಟ್’ ಮಾದರಿಗಳು ಇಂತಹ ಮನೆಗಳಿಗೆ ಸೂಕ್ತ. ಕೀಲಿಮಣೆಯ ಕೆಳಗೆ ದಪ್ಪ ಬಟ್ಟೆಯನ್ನೋ ಮೆತ್ತನೆಯ ಹಾಸನ್ನೋ ಹಾಕಿದರೂ ಮೇಜಿನ ಅನುರಣನ ತಗ್ಗುತ್ತದೆ.

ಅಳತೆ ಮತ್ತು ರಚನೆ

ಪೂರ್ಣ ಗಾತ್ರದ ಮಣೆಯಲ್ಲಿ 104 ಕೀಲಿಗಳಿರುತ್ತವೆ. ಬಲಗಡೆಯ ಅಂಕಿಗಳ ಗುಂಪನ್ನು ಬಿಟ್ಟರೆ 87. ಇದನ್ನು ‘ಟೆನ್‌ಕೀಲೆಸ್’ ಎನ್ನುತ್ತಾರೆ. ಬಾಣದ ಕೀಲಿಗಳನ್ನೂ ಬಿಟ್ಟ ಅತಿ ಚಿಕ್ಕ ಮಣೆಯಲ್ಲಿ 61. ಹೋಟೆಲು, ಅಂಗಡಿ, ಬ್ಯಾಂಕು, ಲೆಕ್ಕಪರಿಶೋಧನೆಯ ವೃತ್ತಿಯಲ್ಲಿರುವವರಿಗೆ ಅಂಕಿಗಳ ಗುಂಪು ಅನಿವಾರ್ಯ. ಅವರು ಪೂರ್ಣ ಗಾತ್ರವನ್ನೇ ಕೊಳ್ಳಬೇಕು. ಆಟಗಾರರಿಗೆ ಮೌಸ್ ಆಡಿಸಲು ಸ್ಥಳ ಬೇಕಾದ್ದರಿಂದ 87 ಕೀಲಿಗಳದು ಅನುಕೂಲ. 61 ಕೀಲಿಗಳ ಮಣೆ ನೋಡಲು ಅಂದವಾದರೂ ಕನ್ನಡ ಕರಡು ತಿದ್ದುವವರಿಗೆ ಬಾಣದ ಕೀಲಿ, ಡಿಲೀಟ್ ಕೀಲಿ ಪದೇ ಪದೇ ಬೇಕಾಗುವುದರಿಂದ ಹೊಂದದು.

ಕೀಲಿಗಳ ಮುಚ್ಚಳ ಎಬಿಎಸ್ ಅಥವಾ ಪಿಬಿಟಿ ಎಂಬ ಪ್ಲಾಸ್ಟಿಕ್ಕಿನದಾಗಿರುತ್ತದೆ. ಎಬಿಎಸ್ ಬೇಗನೆ ಜಿಡ್ಡಿನ ಹೊಳಪು ಪಡೆಯುತ್ತದೆ. ಪಿಬಿಟಿ ಹೆಚ್ಚು ಬಾಳುತ್ತದೆ. ಬೆಸುಗೆಯಿಲ್ಲದೆ ಸ್ವಿಚ್ಚನ್ನೇ ಕಿತ್ತು ಬದಲಿಸಬಹುದಾದ ‘ಹಾಟ್-ಸ್ವಾಪ್’ ಸೌಲಭ್ಯವಿದ್ದರೆ, ಒಂದು ಕೀಲಿ ಕೆಟ್ಟಾಗ ಇಡೀ ಮಣೆಯನ್ನು ಎಸೆಯಬೇಕಾಗಿಲ್ಲ. ಬೇಕೆಂದರೆ ಶಿಫ್ಟ್ ಕೀಲಿಗೆ ಮಾತ್ರ ಹಗುರವಾದ ಸ್ವಿಚ್ಚನ್ನು ಹಾಕಿಕೊಳ್ಳಬಹುದು. ಬದಲಿ ಸ್ವಿಚ್ಚು ಕೊಳ್ಳುವಾಗ ಅದು ಮೂರು ಕಾಲಿನದೋ ಐದು ಕಾಲಿನದೋ ಎಂಬುದನ್ನು ನೋಡಿಕೊಳ್ಳಬೇಕು. ನಿಸ್ತಂತು ಮಾದರಿಗಳಲ್ಲಿ ಬ್ಲೂಟೂತ್ ಬರವಣಿಗೆಗೆ ಸಾಕು. ಆಟಕ್ಕೆ ತಂತಿಯ ಸಂಪರ್ಕ ಅಥವಾ 2.4 ಗಿಗಾಹರ್ಟ್ಜ್ ಸಂಪರ್ಕ ಉತ್ತಮ.

ಆರೈಕೆ

ಮುಂಬಯಿ, ಚೆನ್ನೈಗಳ ಕಡಲತೀರದ ತೇವಾಂಶ ಮತ್ತು ಎಲ್ಲೆಡೆಯ ಧೂಳು ಲೋಹದ ಸಂಪರ್ಕಕ್ಕೆ ಶತ್ರುಗಳು. ಒಮ್ಮೆ ಒತ್ತಿದರೆ ಎರಡು ಅಕ್ಷರ ಬೀಳತೊಡಗಿದರೆ ಆ ಸ್ವಿಚ್ಚು ಕೆಡುತ್ತಿದೆ ಎಂದು ತಿಳಿಯಬೇಕು. ತಿಂಗಳಿಗೊಮ್ಮೆ ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಬಳಸದಿರುವಾಗ ಬಟ್ಟೆ ಹೊದಿಸಿದರೆ ಆಯುಷ್ಯ ಹೆಚ್ಚುತ್ತದೆ. ಚಹಾ ಅಥವಾ ನೀರು ಚೆಲ್ಲಿದರೆ ಕೂಡಲೇ ಸಂಪರ್ಕ ತಪ್ಪಿಸಿ, ಮಗುಚಿಟ್ಟು, ಪೂರ್ತಿ ಒಣಗಿದ ಮೇಲೆಯೇ ಮತ್ತೆ ಜೋಡಿಸಬೇಕು.

ಕೊಳ್ಳುವ ಮುನ್ನ

ಅಂತರ್ಜಾಲದಲ್ಲಿ ಚಿತ್ರ ನೋಡಿ ಕೊಳ್ಳುವುದಕ್ಕಿಂತ ಅಂಗಡಿಯಲ್ಲಿ ಬೆರಳಿಟ್ಟು ನೋಡುವುದು ಮೇಲು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್‌ಗಳ ಗಣಕ ಮಳಿಗೆಗಳಲ್ಲಿ ವಿಚಾರಿಸಬಹುದು. ಹೋಗುವಾಗ ಆಟವಾಡುವ ಮಗ ಅಥವಾ ಮಗಳನ್ನು ಮಾತ್ರವಲ್ಲ, ಬರೆಯುವ ಹಿರಿಯರನ್ನೂ ಕರೆದೊಯ್ಯಬೇಕು. ‘ಕ್ಷೇತ್ರ’, ‘ಸ್ವಾತಂತ್ರ್ಯ’ದಂತಹ ಒತ್ತಕ್ಷರಗಳ ಪದಗಳನ್ನು ತಮ್ಮ ರೂಢಿಯ ವಿನ್ಯಾಸದಲ್ಲಿ ನಾಲ್ಕಾರು ಬಾರಿ ಒತ್ತಿ ನೋಡಿದರೆ ಸ್ವಿಚ್ಚು ಕೈಗೆ ಹೊಂದುವುದೋ ಇಲ್ಲವೋ ತಿಳಿಯುತ್ತದೆ.

ಒಟ್ಟಿನಲ್ಲಿ, ಹಲವರು ಬಳಸುವ ಮನೆಗೆ ಕಂದು ಅಥವಾ ಸದ್ದಡಗಿಸಿದ ಸ್ವಿಚ್ಚು, 87 ಅಥವಾ 104 ಕೀಲಿಗಳು, ಎನ್-ಕೀ ರೋಲ್‌ಓವರ್, ಹಾಟ್-ಸ್ವಾಪ್ ಇಷ್ಟಿದ್ದರೆ ಸಾಕು. ಆಟವೇ ಪ್ರಧಾನವಾದವರು ಕೆಂಪು ಅಥವಾ ಅಯಸ್ಕಾಂತದ ಸ್ವಿಚ್ಚನ್ನು ಆರಿಸಬಹುದು. ಬಣ್ಣದ ದೀಪಗಳನ್ನು ಕೊನೆಗೆ ನೋಡಿದರಾಯಿತು. ಹೊಸ ಮಣೆ ಮನೆಗೆ ಬಂದ ದಿನವೇ ಅದಕ್ಕೆ ಕನ್ನಡ ವಿನ್ಯಾಸವನ್ನೂ ಅಳವಡಿಸಿ, ಮಕ್ಕಳಿಂದ ಅವರ ಹೆಸರನ್ನು ಕನ್ನಡದಲ್ಲಿ ಬರೆಯಿಸಬೇಕೆಂಬುದು ನಮ್ಮ ಸೂಚನೆ. ಅದಕ್ಕೆ ಹತ್ತು ನಿಮಿಷಗಳಿಗಿಂತ ಹೆಚ್ಚು ಬೇಕಾಗದು, ಖರ್ಚಂತೂ ಏನೂ ಇಲ್ಲ.